ಬಿಳಿ ಕೇಪುಗಳು

ಮೂರೇ ಮೂರು ಅಂಕ ಕಡಿಮೆ ಬಿದ್ದಿತ್ತು. ಹೋದ ವರ್ಷ ಜುಲೈಯಲ್ಲಿ, ಪೆರಿ ಅನ್ನುವ ಮೈದಾನದಲ್ಲಿ ನಡೆಯುವ ದೊಡ್ಡ ಪಿಸ್ತೂಲು ಪಂದ್ಯದಲ್ಲಿ ನನ್ನ ಮಗಳು ರೋಂಡಾ ಎರಡು ಸಾವಿರದ ಏಳುನೂರಕ್ಕೆ ಎರಡು ಸಾವಿರದ ಐನೂರ ತೊಂಬತ್ತೇಳು ಹೊಡೆದಳು. ಎರಡು ಸಾವಿರದ ಆರುನೂರು ಮುಟ್ಟಿದವರಿಗೆ ಅಂಗಿಯ ತೋಳಿಗೆ ಹೊಲಿದುಕೊಳ್ಳಲು ಒಂದು ಬಟ್ಟೆಯ ಬಿಲ್ಲೆ ಕೊಡುತ್ತಾರೆ. ಅಂಗೈ ಅಗಲ ಇದೆ ಅಷ್ಟೇ, ನೋಡಿದರೆ ಯಾವನಾದರೂ ಇದಕ್ಕಾ ಇಷ್ಟು ಒದ್ದಾಟ ಅಂದಾನು. ಅದಕ್ಕಾಗಿ ನಾವಿಬ್ಬರೂ ಹತ್ತೊಂಬತ್ತು ವರ್ಷ ಒದ್ದಾಡಿದ್ದೇವೆ. ನಾವಿಬ್ಬರೂ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಪಿಸ್ತೂಲು ಹಿಡಿಯುವ ಕೈ ಅವಳದು, ಗುಂಡು ತುಂಬುವ ಕೈ ನನ್ನದು.

ಒಂದು ಪಂದ್ಯಕ್ಕೆ ಇನ್ನೂರ ಎಪ್ಪತ್ತು ಗುಂಡು ಬೇಕು. ಮೊದಲ ತೊಂಬತ್ತು ಸಣ್ಣವು, ಅವನ್ನು ಅಂಗಡಿಯಿಂದಲೇ ತರಬೇಕು. ಉಳಿದ ನೂರ ಎಂಬತ್ತು ದೊಡ್ಡ ಪಿಸ್ತೂಲಿನವು, ನನ್ನ ಗ್ಯಾರೇಜಿನಲ್ಲಿ ಹುಟ್ಟುವಂಥವು. ಹಾರಿಸಿ ಬಿದ್ದ ಹಿತ್ತಾಳೆ ಚಿಪ್ಪನ್ನು ಆರಿಸಿ ತಂದು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಹಳೇ ಕೇಪು ತೆಗೆದು ಹೊಸದನ್ನು ಕೂರಿಸಬೇಕು. ಅಳೆದ ಮದ್ದು ಸುರಿದು, ಮೇಲೆ ಸೀಸದ ಗುಂಡು ಒತ್ತಿ, ಚಿಪ್ಪಿನ ಬಾಯಿ ಬಿಗಿಯಬೇಕು. ಇಷ್ಟೇ ಕೆಲಸ. ಕೇಳಿದರೆ ಅಡುಗೆಯಷ್ಟೇ ಸಲೀಸು ಅನ್ನಿಸುತ್ತದೆ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಮನೆಯವರು ಮುಖ ಸಿಂಡರಿಸುತ್ತಾರೆ, ಇಲ್ಲಿ ಮದ್ದು ಹೆಚ್ಚಾದರೆ ಬೆರಳೋ ಕಣ್ಣೋ ಹೋಗುತ್ತದೆ.

ನನ್ನ ಹೆಸರು ವೆಂಡಲ್. ಓಹಾಯೋದ ಈ ಊರಿನ ಸ್ಪಾರ್ಕ್ ಪ್ಲಗ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅಳತೆ ನೋಡುವ ಕೆಲಸ ಮಾಡಿದವನು ನಾನು. ಕೂದಲೆಳೆಯನ್ನು ಉದ್ದಕ್ಕೆ ಸೀಳಿದಷ್ಟು ವ್ಯತ್ಯಾಸ ಇದ್ದರೂ ಹಿಡಿದು ಆಚೆಗೆಸೆಯುತ್ತಿದ್ದೆ. ‘ವೆಂಡಲ್ ಕಣ್ಣು ತಪ್ಪಿಸೋಕೆ ದೇವರಿಗೂ ಆಗಲ್ಲ’ ಅಂತ ಅಲ್ಲಿಯವರು ಬೈದುಕೊಳ್ಳುತ್ತಿದ್ದರು. ಅದನ್ನು ಕೇಳಿ ಒಳಗೊಳಗೇ ಖುಷಿಪಡುತ್ತಿದ್ದವನು ನಾನು. ಹೆಂಡತಿ ಆರ್ಡಿತ್ ತೀರಿಕೊಂಡು ಎಂಟು ವರ್ಷವಾಯಿತು. ಆಮೇಲೆ ನನಗೆ ಉಳಿದದ್ದು ಈ ಗ್ಯಾರೇಜು, ಮತ್ತೆ ಭಾನುವಾರ ಭಾನುವಾರ ಗುಂಡು ಒಯ್ಯಲು ಬರುವ ರೋಂಡಾ.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಬೇರೆಯವರು ಕೈಯಾರೆ ತುಂಬಿದ ಗುಂಡನ್ನು ಯಾರೂ ತಮ್ಮ ಪಿಸ್ತೂಲಿಗೆ ಹಾಕುವುದಿಲ್ಲ, ಚರ್ಚಿನ ಪಾದ್ರಿಯೇ ಕೊಟ್ಟರೂ ಹಾಕುವುದಿಲ್ಲ. ನಮ್ಮ ಪಿಸ್ತೂಲು ಕ್ಲಬ್ಬಿನಲ್ಲಿ ಯಾರಾದರೂ ಸತ್ತರೆ ಅವರ ಹೆಂಡತಿ ಗುಂಡಿನ ಡಬ್ಬಿಗಳನ್ನು ತಂದು ಕೊಡುತ್ತಾಳೆ. ನಾವು ಟೋಪಿ ತೆಗೆದು, ಬಹಳ ಉಪಕಾರವಾಯಿತಮ್ಮ ಅಂತ ಇಸಕೊಂಡು, ಮನೆಗೆ ತಂದು ಒಂದೊಂದನ್ನೂ ಬಿಚ್ಚಿ ಮದ್ದು ಚೆಲ್ಲುತ್ತೇವೆ. ಸತ್ತವನಿಗೆ ಅವಮಾನ ಅಂತ ಯಾರೂ ತಿಳಿಯುವುದಿಲ್ಲ. ರೋಂಡಾಗೆ ಹನ್ನೆರಡು ತುಂಬಿದ ವರ್ಷ ನಾನು ಇದನ್ನು ಹೇಳಿಕೊಟ್ಟೆ.

“ಹಂಗಾದ್ರೆ ನೀನು ತುಂಬಿದ್ದೂ ಹಾಕ್ಬಾರ್ದಾ ಅಪ್ಪಾ?” ಅಂತ ಕೇಳಿದಳು.

“ನಾನು ಬೇರೆಯವನೇನೇ, ಕತ್ತೆ?” ಅಂದೆ. ಅವಳು ಕಿಲಕಿಲ ನಕ್ಕಳು. ಈಗ ಅವಳಿಗೆ ನಲವತ್ತಾರು, ಅಂಚೆ ಹಂಚುವ ಕೆಲಸ. ಅವತ್ತಿನಿಂದ ನಾನು ತುಂಬಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ದೊಡ್ಡ ಪಿಸ್ತೂಲಿಗೆ ಹಾಕಿದವಳಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದವನು ನಾನು.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಒಂದು ಘಟನೆ ನಡೆಯಿತು. ಕ್ಲಬ್ಬಿನ ಒಳಾಂಗಣದಲ್ಲಿ ರೋಂಡಾ ಹೊಡೆಯುತ್ತಿದ್ದಳು, ನಾನು ಹಿಂದೆ ಬೆಂಚಿನ ಮೇಲೆ ಕೂತಿದ್ದೆ. ಢಂ, ಢಂ ಅಂತ ಎರಡು ಹಾರಿತು. ಮೂರನೆಯದು ಠುಸ್ ಅಂದಿತು. ಅವಳು ತಕ್ಷಣ ಎಡಗೈ ಮೇಲೆತ್ತಿ ನಿಂತಳು. ಮೇಲ್ವಿಚಾರಕ ಓಡಿ ಬಂದು ನಳಿಕೆಯೊಳಗೆ ಕಡ್ಡಿ ತೂರಿಸಿ ನೋಡಿದ. ಗುಂಡು ನಡುದಾರಿಯಲ್ಲೇ ಸಿಕ್ಕಿಕೊಂಡಿತ್ತು. ಕೇಪು ಸಿಡಿದಿತ್ತು, ಒಳಗೆ ಮದ್ದೇ ಇರಲಿಲ್ಲ. ಗಮನಿಸದೆ ಇನ್ನೊಂದು ಹೊಡೆದಿದ್ದರೆ ನಳಿಕೆ ಸಿಡಿದು ಅವಳ ಕೈಯಲ್ಲೇ ಚೂರಾಗುತ್ತಿತ್ತು.

ನನ್ನ ಹಳೇ ಸ್ನೇಹಿತ ಡೆಲ್ಬರ್ಟ್ ಅಲ್ಲೇ ಇದ್ದ. “ಏನಯ್ಯಾ ವೆಂಡಲ್, ಮದ್ದಿನ ಡಬ್ಬಿ ಬಿಟ್ಟು ಕಾಫಿಪುಡಿ ಡಬ್ಬಿಗೆ ಕೈ ಹಾಕಿದ್ಯಾ?” ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕೇಪಿಗೆ ತೇವ ಹಿಡಿದಿದೆ, ಮಾರಿದವನು ಹಾಳು ಮಾಲು ಕೊಟ್ಟಿದ್ದಾನೆ ಅಂತ ಕೂಗಾಡಿದೆ. ರೋಂಡಾ ನಗಲಿಲ್ಲ. ಕಾರಿನಲ್ಲಿ ಬರುವಾಗ ಮೆಲ್ಲಗೆ ಕೇಳಿದಳು.

“ಅಪ್ಪಾ, ಮದ್ದು ಹಾಕಿದ್ಮೇಲೆ ಟಾರ್ಚು ಬಿಟ್ಟು ಒಳಗೆ ನೋಡಿದ್ಯಾ?”

“ಟಾರ್ಚು ಬಿಡೋದನ್ನ ನಿನಗೆ ಕಲಿಸ್ದೋನು ಯಾರು?”

“ನೀನೇ.”

“ಮತ್ತೆ? ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸು.”

ಅವಳು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ಬಂದು ಗುಂಡು ಒಯ್ದಳು. ಅವತ್ತೇ ಇನ್ನೊಂದು ಮಾತು ಹೇಳಿದಳು. “ಹಳೇ ಕೇಪು ತೆಗೆಯೋ ಕೆಲಸ ಇನ್ಮೇಲೆ ನಂಗೆ ಬಿಡು. ಯಂತ್ರದ ಹಿಡಿ ಎಳೆದೂ ಎಳೆದೂ ನಿನ್ನ ಮಣಿಕಟ್ಟು ಊದ್ಕೊಳ್ಳುತ್ತೆ. ನಾನೇ ತೆಗೆದು, ಚಿಪ್ಪು ತೊಳೆದು, ಒಣಗಿಸಿ ತರ್ತೀನಿ.” ಎಂಥ ಮಗಳು ಅಂದುಕೊಂಡೆ. ಆರ್ಡಿತ್ ಇದ್ದಿದ್ದರೆ ಅವಳೆದುರಿಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಹೋದ ಚಳಿಗಾಲವಿಡೀ ನಾನು ಆ ಮೂರು ಅಂಕದ ಬೆನ್ನು ಹತ್ತಿದೆ. ಐವತ್ತು ಗಜದಲ್ಲಿ ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಹತ್ತು ಗುಂಡೂ ಎರಡೂವರೆ ಅಂಗುಲದೊಳಗೆ ಬೀಳುತ್ತಿದ್ದವು. ಅದನ್ನು ಒಂದೂವರೆಗೆ ಇಳಿಸಿದರೆ, ಅವಳ ಕೈ ಕೊಂಚ ಅಲುಗಿದರೂ ಗೆರೆಗೆ ತಾಗಿ ಹತ್ತು ಸಿಗುತ್ತದೆ. ನನ್ನ ಲೆಕ್ಕ ಇಷ್ಟೇ. ಚಿಪ್ಪುಗಳನ್ನು ಕಾರ್ಖಾನೆವಾರು ವಿಂಗಡಿಸಿದೆ, ಯಾಕೆಂದರೆ ಒಂದರ ಗೋಡೆ ದಪ್ಪ, ಒಂದರದು ತೆಳು. ಸೀಸದ ಗುಂಡುಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು, ಸಾಸಿವೆಯಷ್ಟು ಹೆಚ್ಚುಕಮ್ಮಿ ಇದ್ದರೂ ಬೇರೆ ಡಬ್ಬಿಗೆ ಹಾಕಿದೆ. ಗುಂಡನ್ನು ಎಷ್ಟು ಆಳಕ್ಕೆ ಒತ್ತಬೇಕು, ಬಾಯಿ ಎಷ್ಟು ಬಿಗಿಯಬೇಕು ಅಂತ ವಾರಕ್ಕೊಂದು ಬದಲಾವಣೆ ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ಆ ದೇವರಿಗೂ ತಿಳಿಯದು.

ನನಗೀಗ ಐವತ್ತು ಗಜ ಕಾಣುವುದಿಲ್ಲ, ಹಾಗಾಗಿ ಪರೀಕ್ಷೆ ಹೊಡೆತ ಅವಳದೇ. ಭಾನುವಾರ ಒಯ್ದು, ಮುಂದಿನ ಭಾನುವಾರ ತೂತುಬಿದ್ದ ಗುರಿಕಾಗದ ತಂದು ಮೇಜಿನ ಮೇಲೆ ಹರಡುತ್ತಿದ್ದಳು. “ಈ ಸಲ ಬಾಯಿ ಎಷ್ಟು ಬಿಗಿದೆ ಅಪ್ಪಾ? ಸರಿಯಾಗಿ ಹೇಳು,” ಅಂತ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ತೂತುಗಳ ಗುಂಪು ವಾರವಾರಕ್ಕೂ ಕಿರಿದಾಯಿತು. ಏಪ್ರಿಲಿನಲ್ಲಿ ಒಂದು ಕಾಗದ ತಂದಳು. ಅದರ ಹತ್ತೂ ತೂತುಗಳ ಮೇಲೆ ನಾನು ಕಾಫಿ ಲೋಟ ಇಟ್ಟೆ, ಎಲ್ಲವೂ ಲೋಟದ ಕೆಳಗೆ ಮುಚ್ಚಿಹೋದವು. ನಾನು ಎದ್ದು ಗ್ಯಾರೇಜಿನಲ್ಲೇ ಎರಡು ಹೆಜ್ಜೆ ಕುಣಿದುಬಿಟ್ಟೆ.

“ಬಿದ್ದು ಸೊಂಟ ಮುರ್ಕೊಂಡೀಯ, ಕೂತ್ಕೋ!” ಅಂದಳು ರೋಂಡಾ. ಅವಳ ಕಣ್ಣು ತುಂಬಿತ್ತು. ಸಂತೋಷಕ್ಕೆ ಅಂದುಕೊಂಡೆ.

ಇಷ್ಟರಲ್ಲಿ ನನಗೆ ಸಣ್ಣಪುಟ್ಟ ಮರೆವು ಇರಲಿಲ್ಲ ಅಂತ ಹೇಳಲಾರೆ. ಒಂದು ಸಲ ಕಾರಿನ ಬೀಗದಕೈ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಸಿಕ್ಕಿತು. ನಲವತ್ತು ವರ್ಷ ಹೋಗಿಬಂದ ಕ್ಲಬ್ಬಿನ ತಿರುವನ್ನು ಎರಡು ಸಲ ದಾಟಿ ಮುಂದೆ ಹೋದೆ. ಎಪ್ಪತ್ತೆಂಟಾಯಿತು, ಇಷ್ಟೂ ಇಲ್ಲದಿದ್ದರೆ ಹೇಗೆ ಅಂತ ನಕ್ಕು ಬಿಟ್ಟೆ. ಗುಂಡಿನ ವಿಷಯದಲ್ಲಿ ಮಾತ್ರ ನನ್ನ ಕೈ ತಪ್ಪುವುದಿಲ್ಲ ಅಂತ ಆಣೆ ಹಾಕಿ ಹೇಳುತ್ತಿದ್ದೆ. ಆ ಆಣೆಯಲ್ಲಿ ಸುಳ್ಳಿರಲಿಲ್ಲ, ಹಾಗೆಂದೇ ನಂಬಿದ್ದೆ.

ಈ ಜುಲೈಯಲ್ಲಿ ರೋಂಡಾ ಒಬ್ಬಳೇ ಪೆರಿಗೆ ಹೋದಳು. ನಾಲ್ಕು ಗಂಟೆಯ ದಾರಿ, ಆ ಬಿಸಿಲು ನಿನಗೆ ಆಗಲ್ಲ ಅಂತ ನನ್ನನ್ನು ಬಿಟ್ಟುಹೋದಳು. ಭಾನುವಾರ ಮಧ್ಯಾಹ್ನ ಸೀದಾ ನನ್ನ ಮನೆಗೇ ಬಂದಳು. ಒಂದು ಕೈಯಲ್ಲಿ ದಾರಿಯಲ್ಲಿ ಕೊಂಡ ಪೀಚ್ ಹಣ್ಣಿನ ಪೈ, ಇನ್ನೊಂದರಲ್ಲಿ ಚಿಪ್ಪಿನ ಚೀಲ. ಗ್ಯಾರೇಜಿನ ಬಾಗಿಲಲ್ಲೇ ನಿಂತು ಹೇಳಿದಳು.

“ಎರಡು ಸಾವಿರದ ಆರುನೂರ ನಾಲ್ಕು.”

“ಸುಳ್ಳು ಹೇಳ್ತೀಯ!”

“ಹೂಂ ಸುಳ್ಳು, ನೋಡಿಲ್ಲಿ,” ಅಂತ ಜೇಬಿನಿಂದ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅಯ್ಯೋ ನನ್ನಪ್ಪಾ! ಆರ್ಡಿತ್‌ಳನ್ನು ಮಣ್ಣು ಮಾಡಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ. “ಇದು ನಿಂದು, ನಂಗೆ ಬೇಡ. ಹೊಡೆದದ್ದೆಲ್ಲ ನಿನ್ನ ಗುಂಡೇ ಅಪ್ಪಾ,” ಅಂದಳು. ಬಿಲ್ಲೆಯನ್ನು ಕೆಲಸದ ಮೇಜಿನ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಡೆಲ್ಬರ್ಟನಿಗೆ ಫೋನು ಮಾಡಿ, “ಕಾಫಿಪುಡಿ ಎಷ್ಟು ಅಂಕ ಹೊಡೀತು ಕೇಳ್ಕೊಳ್ಳೋ, ಹೊಟ್ಟೆಕಿಚ್ಚಿನ ಮುದುಕಾ!” ಅಂತ ಕಿರುಚಿದೆ. ಅವನು ಎಂದಿನಂತೆ ತಿರುಗಿ ಬೈಯಲಿಲ್ಲ. “ಒಳ್ಳೇದಾಯ್ತು ಬಿಡಯ್ಯಾ,” ಅಂದ, ಅಷ್ಟೇ.

ರೋಂಡಾಗೆ ಬೆಳಿಗ್ಗೆ ಬೇಗ ಕೆಲಸ, ನಾಲ್ಕು ತುತ್ತು ತಿಂದು ಹೊರಟಳು. ಚಿಪ್ಪಿನ ಚೀಲ ನನ್ನ ಗ್ಯಾರೇಜಿನಲ್ಲೇ ಉಳಿಯಿತು. ಸಂಭ್ರಮದಲ್ಲಿ ಮರೆತಳು, ಪಾಪ.

ಮಂಗಳವಾರ ಬೆಳಿಗ್ಗೆ ಚೀಲ ಬಿಚ್ಚಿದೆ. ಅವಳಿಗೆ ಯಾಕೆ ತೊಂದರೆ, ಈ ಸಲ ನಾನೇ ಕೇಪು ತೆಗೆಯುತ್ತೇನೆ ಅಂತ ಕೂತೆ. ಚಿಪ್ಪಿಟ್ಟು ಹಿಡಿ ಎಳೆದರೆ ಸುಟ್ಟ ಕೇಪು ಟಿಣ್ ಅಂತ ಕೆಳಗಿನ ತಟ್ಟೆಗೆ ಬೀಳುತ್ತದೆ. ಇಪ್ಪತ್ತಾದ ಮೇಲೆ ತಟ್ಟೆಯ ಕಡೆ ಕಣ್ಣು ಹೋಯಿತು. ಕೇಪುಗಳೆಲ್ಲ ಬೆಳ್ಳಗಿದ್ದವು.

ನಾನು ಹಳದಿ ಕೇಪು ಬಿಟ್ಟು ಬೇರೆ ಮುಟ್ಟುವವನಲ್ಲ. ಕೇಪು ಎಲ್ಲೂ ಸಿಗದ ಬರಗಾಲ ಬರುವ ಮುಂಚೆಯೇ ಹತ್ತು ಸಾವಿರ ಒಟ್ಟಿಗೆ ತಂದಿಟ್ಟವನು, ಇನ್ನೂ ಮುಗಿದಿಲ್ಲ. ಬಿಳಿಯದನ್ನು ಕೂರಿಸಿ ಬಲ್ಲವನೇ ಅಲ್ಲ. ಬೇರೆ ಯಾರದೋ ಚಿಪ್ಪು ಬೆರೆತಿರಬೇಕು ಅಂತ ಚೀಲ ಮೇಜಿನ ಮೇಲೆ ಸುರಿದೆ. ಇಲ್ಲ, ಪ್ರತಿಯೊಂದರ ಬುಡದಲ್ಲೂ ನೀಲಿ ಗೆರೆ ಇತ್ತು. ಮೈದಾನದಲ್ಲಿ ಚಿಪ್ಪುಗಳು ಬೆರೆಯದಿರಲಿ ಅಂತ ಪ್ರತಿಯೊಬ್ಬರೂ ಒಂದೊಂದು ಬಣ್ಣದ ಗುರುತು ಹಾಕುತ್ತೇವೆ, ನೀಲಿ ನನ್ನದು. ಒಂದು ಚಿಪ್ಪನ್ನು ಬೆಳಕಿಗೆ ಹಿಡಿದೆ. ಭೂತಗನ್ನಡಿ ತಂದು ಇನ್ನೊಂದನ್ನು ಹಿಡಿದೆ. ಗೆರೆ ನೆಟ್ಟಗಿತ್ತು. ಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ, ನೂರ ಎಂಬತ್ತಕ್ಕೂ. ನನ್ನ ಗೆರೆ ನೆಟ್ಟಗಿದ್ದು ಮೂರು ವರ್ಷವಾಯಿತು, ಕೈ ನಡುಗುತ್ತದೆ.

ರೋಂಡಾಳ ಮನೆಯ ಬೀಗದಕೈ ತೆಗೆದುಕೊಂಡು ಹೊರಟೆ. ಅವಳು ಅಂಚೆ ಹಂಚಲು ಹೋಗಿರುವ ಹೊತ್ತು. ದಾರಿಯಲ್ಲಿ ಅವಳ ಬೀದಿಯ ತಿರುವು ದಾಟಿ ಅರ್ಧ ಮೈಲಿ ಮುಂದೆ ಹೋಗಿ, ಬೈದುಕೊಂಡು ತಿರುಗಿ ಬಂದೆ.

ಅವಳ ಮನೆಯ ನೆಲಮಾಳಿಗೆಗೆ ಇಳಿದೆ. ಗೋಡೆಯುದ್ದಕ್ಕೂ ನನ್ನ ಡಬ್ಬಿಗಳು. ಐವತ್ತರ ಡಬ್ಬಿಗಳು, ಪ್ರತಿಯೊಂದರ ಮೇಲೂ ನನ್ನ ಕೈಬರಹದ ತಾರೀಕು. ಮೊದಲನೆಯದು ಎರಡು ವರ್ಷದ ಹಿಂದಿನ ಮಾರ್ಚಿನದು, ಠುಸ್ ಅಂದ ಮುಂದಿನ ಭಾನುವಾರದ್ದು. ಕೊನೆಯ ನಾಲ್ಕು ಈ ಜುಲೈಯವು, ಪೆರಿಗೆಂದು ನಾನು ಕೆಂಪು ದಾರ ಕಟ್ಟಿ ಕೊಟ್ಟವು. ಆ ದಾರವನ್ನೂ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಒಂದು ಮೇಜು, ತಕ್ಕಡಿ, ನೀಲಿ ಪೆನ್ನು, ಬಿಳಿ ಕೇಪಿನ ಪೊಟ್ಟಣ. ಗುಂಡು ಒತ್ತುವ ಯಂತ್ರ ಡೆಲ್ಬರ್ಟನದು. ಅದರ ಮುರಿದ ಹಿಡಿಗೆ ಬೆಸುಗೆ ಹಾಕಿಕೊಟ್ಟವನೇ ನಾನು, ನನಗೆ ಗುರುತು ಸಿಗುವುದಿಲ್ಲವೇ? ಗೋಡೆಗೆ ಅಂಟಿಸಿದ ಚೀಟಿಗಳಲ್ಲಿ ನಾನು ವಾರವಾರ ಹೇಳಿದ ಅಳತೆಗಳೆಲ್ಲ ಇದ್ದವು. ನನ್ನ ಬುದ್ಧಿ ಅವಳಿಗೆ ಬೇಕಾಗಿತ್ತು, ನನ್ನ ಕೈ ಬೇಡವಾಗಿತ್ತು.

ಕೆಂಪು ದಾರದ ಡಬ್ಬಿಯೊಂದನ್ನು ಹಿಂದಿನ ಸಾಲಿನಿಂದ ಎತ್ತಿಕೊಂಡು ಮನೆಗೆ ಬಂದೆ. ಬಂದವನೇ ಡೆಲ್ಬರ್ಟನಿಗೆ ಫೋನು ಮಾಡಿದೆ.

“ನಿನ್ನ ಯಂತ್ರ ಎಲ್ಲಿದೆಯೋ ಡೆಲ್ಬರ್ಟ್?”

ಅವನು ಟಿವಿಯ ಸದ್ದು ಇಳಿಸಿದ.

“ಕೇಳಿಸ್ತಾ ಇಲ್ವೇನೋ? ನನ್ನ ಬೆನ್ನ ಹಿಂದೆ ನನ್ನ ಮಗಳಿಗೆ ಯಂತ್ರ ಕೊಟ್ಟಿದೀಯಲ್ಲೋ, ನೀನೂ ಒಬ್ಬ ಸ್ನೇಹಿತಾನಾ?”

“ನಿಂಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡು ಕೇಳ್ಕೊಂಡ್ಲು ಕಣಯ್ಯಾ.”

“ಕ್ಲಬ್ಬಿನೋರಿಗೆಲ್ಲ ಗೊತ್ತಾ?”

“ವೆಂಡಲ್...”

“ಗೊತ್ತಾ ಅಂತ ಕೇಳಿದ್ದು!”

“ಹೂಂ, ಗೊತ್ತು.”

ನಾನು ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ಸತ್ತ ತಾಯಿಯನ್ನೂ ಬಿಡಲಿಲ್ಲ. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ, “ನಿನ್ನ ಡಬ್ಬೀನೇ ಒಂದು ಬಿಚ್ಚಿ ನೋಡು. ಐವತ್ತೂ ಬಿಚ್ಚು. ಆಮೇಲೆ ಇನ್ನೂ ಬೈಯಬೇಕು ಅನ್ಸಿದ್ರೆ ಫೋನ್ ಮಾಡು, ನಾನು ಇಲ್ಲೇ ಇರ್ತೀನಿ,” ಅಂದ.

ಬಿಚ್ಚುತ್ತೇನೆ, ನಿಮ್ಮೆಲ್ಲರ ಮುಖಕ್ಕೆ ಎಸೆಯುತ್ತೇನೆ ಅಂತ ಕೂತೆ. ಬಿಚ್ಚಲಿಕ್ಕೆ ಸುತ್ತಿಗೆಯಂಥ ಒಂದು ಸಾಧನ ಇದೆ. ಅದರ ತಲೆಯೊಳಗೆ ಗುಂಡು ಸಿಕ್ಕಿಸಿ ನೆಲಕ್ಕೆ ಕುಟ್ಟಿದರೆ ಸೀಸವೂ ಮದ್ದೂ ಬೇರೆಯಾಗಿ ಉದುರುತ್ತವೆ. ಮೊದಲನೆಯದರ ಮದ್ದು ತಕ್ಕಡಿಗೆ ಸುರಿದೆ. ಸರಿಯಾದ ತೂಕ. ಎರಡನೆಯದೂ ಸರಿ. ಹತ್ತೂ ಸರಿ, ಇಪ್ಪತ್ತೂ ಸರಿ, ತಕ್ಕಡಿಯ ಮುಳ್ಳು ಒಂದೇ ಗೆರೆಯ ಮೇಲೆ ನಿಲ್ಲುತ್ತಿತ್ತು. ನನ್ನ ಸಿಟ್ಟು ಏರುತ್ತಾ ಹೋಯಿತು. ಭಾನುವಾರ ರೋಂಡಾ ಬಂದಾಗ ಏನು ಹೇಳಬೇಕು ಅಂತ ಮಾತು ಜೋಡಿಸಿಕೊಂಡೆ. ನಾನು ನಿನಗೆ ಯಾವಾಗ ಬೇರೆಯವನಾದೆ? ನಾನು ಸತ್ತವನೇನು, ನನ್ನ ಡಬ್ಬಿಗಳನ್ನು ಹಾಗೆ ಜೋಡಿಸಿಡಲು? ಇಪ್ಪತ್ತೊಂಬತ್ತು ಸರಿ, ಮೂವತ್ತು ಸರಿ.

ಮೂವತ್ತೊಂದನೆಯದನ್ನು ಕುಟ್ಟಿದೆ. ಬೂದುಬಣ್ಣದ ಚಕ್ಕೆಗಳು ತಕ್ಕಡಿಯ ಬಟ್ಟಲಿಗೆ ಸುರಿದವು, ಸುರಿಯುತ್ತಲೇ ಇದ್ದವು. ಮುಳ್ಳು ಮೇಲಕ್ಕೆ ಹೋಗಿ ತಡೆಗೆ ಬಡಿಯಿತು.

ಗುರಿ ಹೊಡೆಯುವ ಗುಂಡಿಗೆ ನಾವು ಹಾಕುವ ಮದ್ದು ಚಿಪ್ಪಿನ ತಳದಲ್ಲಿ ಅಷ್ಟೇ ಅಷ್ಟು ಕೂರುತ್ತದೆ. ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಮೇಲೆ ಸಲೀಸಾಗಿ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣದು. ಹಾರಿಸಿದಾಗ ಪಿಸ್ತೂಲು ಕೈಯಲ್ಲೇ ಸಿಡಿಯುತ್ತದೆ. ಅದಕ್ಕೇ ಟಾರ್ಚು, ಅದಕ್ಕೇ ಮದ್ದು ಹಾಕುವಾಗ ರೇಡಿಯೋ ಹಾಕಬಾರದು, ಯಾರೊಂದಿಗೂ ಮಾತಾಡಬಾರದು ಅನ್ನುವ ನಿಯಮ. ಇದೆಲ್ಲ ಹೇಳಿಕೊಟ್ಟವನು ನಾನು.

ಮೂವತ್ತೆಂಟನೆಯದರಲ್ಲಿ ಮದ್ದೇ ಇರಲಿಲ್ಲ. ನಲವತ್ತನಾಲ್ಕನೆಯದರಲ್ಲಿ ಮತ್ತೆ ಎರಡರಷ್ಟು. ಐವತ್ತು ಗುಂಡಿನಲ್ಲಿ ಮೂರು ಕೆಟ್ಟವು. ಪೆರಿಗೆಂದು ನಾನು ಎಲ್ಲಕ್ಕಿಂತ ಜೋಪಾನವಾಗಿ ತುಂಬಿದ, ಒಂದೊಂದಕ್ಕೂ ಟಾರ್ಚು ಬಿಟ್ಟು ನೋಡಿದ ಡಬ್ಬಿ ಅದು. ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗಲೂ ಕಣ್ಣು ಮುಚ್ಚಿದರೆ ಆ ಐವತ್ತೂ ಚಿಪ್ಪಿನೊಳಗೆ ಮದ್ದು ಒಂದೇ ಮಟ್ಟದಲ್ಲಿ ಕೂತಿರುವುದು ಕಾಣುತ್ತದೆ. ಇರುವ ನೆನಪೇ ಸುಳ್ಳಾದರೆ ಮನುಷ್ಯ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು, ನೀವೇ ಹೇಳಿ.

ರೋಂಡಾಳ ಬಲಗೈ ಕಣ್ಣ ಮುಂದೆ ಬಂತು. ಹೆಬ್ಬೆರಳ ಬುಡದಲ್ಲಿ ಅವಳಿಗೊಂದು ಮಚ್ಚೆ ಇದೆ, ಹುಟ್ಟಿದ ದಿನ ದಾದಿ ತೋರಿಸಿದ್ದಳು. ಆ ಕೈಯನ್ನು ನಾನು ಎರಡು ವರ್ಷದಲ್ಲಿ ಎಷ್ಟು ಸಲ ಕೀಳಲು ಹೊರಟಿದ್ದೆ? ಗೋಡೆಯುದ್ದದ ಡಬ್ಬಿಗಳ ಲೆಕ್ಕ ಹಾಕಲು ಧೈರ್ಯ ಬರಲಿಲ್ಲ. ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಭಾನುವಾರ ಇದೇ ಮೇಜಿನ ಮುಂದೆ ಅತ್ತಿದ್ದೆ, ಬಿಲ್ಲೆ ನೋಡಿ.

ಡೆಲ್ಬರ್ಟನಿಗೆ ಮತ್ತೆ ಫೋನು ಮಾಡಲಿಲ್ಲ. ಸಂಜೆ ಅವನೇ ಮಾಡಿದ.

“ಬಿಚ್ಚಿದ್ಯಾ?”

“ಹೂಂ.”

“ಬರ್ಲೇನಯ್ಯಾ?”

“ಬೇಡ. ಅವಳಿಗೆ ಗೊತ್ತಾಗ್ಬಾರ್ದು, ನಾನು ಬಿಚ್ಚಿದ್ದು.”

“ಇನ್ನೂ ಎಷ್ಟು ದಿನ ಈ ನಾಟಕ ಆಡ್ತೀರೋ ಅಪ್ಪ ಮಗಳು?” ಅಂದ. ನಾನು ಫೋನು ಇಟ್ಟುಬಿಟ್ಟೆ.

ಬುಧವಾರ ಬೆಳಿಗ್ಗೆ ಎದ್ದು ಮದ್ದಿನ ಡಬ್ಬಿಗಳನ್ನೆಲ್ಲ ಹಿತ್ತಿಲಿಗೆ ಒಯ್ದೆ. ಬೇಲಿಯ ಪಕ್ಕದ ಹುಲ್ಲಿನ ಮೇಲೆ ಸುರಿದೆ. ಹಳೇ ಮದ್ದನ್ನು ಹುಲ್ಲಿಗೆ ಹಾಕುವುದು ನಮ್ಮಲ್ಲಿ ರೂಢಿ, ಗೊಬ್ಬರದಂತೆ ಕೆಲಸ ಮಾಡುತ್ತದೆ. ನೀರು ಬಿಟ್ಟೆ. ಖಾಲಿ ಡಬ್ಬಿಗಳನ್ನು ಜಜ್ಜಿ ಕಸದ ಬುಟ್ಟಿಗೆ ಹಾಕಿದೆ. ಮಧ್ಯಾಹ್ನ ಮತ್ತೆ ಗ್ಯಾರೇಜಿಗೆ ಹೋಗಿ ಗೂಡು ಖಾಲಿಯಾಗಿದೆಯೇ ನೋಡಿದೆ. ಗುರುವಾರ ಎರಡು ಸಲ ನೋಡಿದೆ. ಸುರಿದ ನೆನಪು ಚೆನ್ನಾಗಿಯೇ ಇತ್ತು, ಆದರೆ ನನ್ನ ನೆನಪನ್ನು ನಾನು ಇನ್ನು ನಂಬುವ ಹಾಗಿರಲಿಲ್ಲ.

ನನ್ನ ಹಳದಿ ಕೇಪುಗಳನ್ನು ಒಂದು ಬಾಟಲಿ ಎಣ್ಣೆಯಲ್ಲಿ ಮೂರು ದಿನ ನೆನೆಸಿ ಸಾಯಿಸಿದೆ, ಇನ್ನು ಅವು ಸಿಡಿಯುವುದಿಲ್ಲ. ಒರೆಸಿ, ಚಿಪ್ಪಿಗೆ ಕೂರಿಸಿ, ಮದ್ದಿಲ್ಲದ ಚಿಪ್ಪಿನ ಮೇಲೆ ಗುಂಡು ಒತ್ತಿ, ಬಾಯಿ ಬಿಗಿದೆ. ನೂರು ಗುಂಡು. ಬುಡದಲ್ಲಿ ನೀಲಿ ಗೆರೆ ಎಳೆದೆ, ಸೊಟ್ಟಗೆ. ಗುಂಡು ಒತ್ತುವ ಮುಂಚೆ ಒಂದೊಂದಕ್ಕೂ ಟಾರ್ಚು ಬಿಟ್ಟು ನೋಡಿದ್ದೆ, ಒಳಗೆ ಏನೂ ಇಲ್ಲ ಅನ್ನುವುದನ್ನು. ಗುಂಡಿನ ಆಳ, ಬಾಯಿಯ ಬಿಗಿ ಎಲ್ಲ ಕೂದಲೆಳೆಯಷ್ಟೂ ತಪ್ಪದಂತೆ ಅಳೆದೆ. ಯಾಕೆ ಅಳೆದೆ ಅಂತ ಕೇಳಬೇಡಿ. ಮುಂದೊಂದು ದಿನ ಅವಳು ಇವನ್ನೂ ಬಿಚ್ಚಿ ನೋಡಿದರೆ, ಒಂದರಲ್ಲೂ ಮದ್ದಿಲ್ಲ, ಅಪ್ಪನದು ಪೂರ್ತಿ ಹೋಯಿತು ಅಂದುಕೊಳ್ಳುತ್ತಾಳೆ. ಅಂದುಕೊಳ್ಳಲಿ. ಕೇಪು ತೆಗೆದ ಇಪ್ಪತ್ತು ಚಿಪ್ಪನ್ನು ಬೇರೆ ಮಾಡಿ, ಉಳಿದವನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಅವಳು ಬಿಟ್ಟಲ್ಲೇ ಇಟ್ಟೆ. ಆ ಇಪ್ಪತ್ತನ್ನೂ ತಟ್ಟೆಯ ಬಿಳಿ ಕೇಪುಗಳನ್ನೂ ಒಂದು ಡಬ್ಬಿಗೆ ಹಾಕಿ ಬಚ್ಚಿಟ್ಟೆ.

ಭಾನುವಾರ ಅವಳು ಬಂದಳು. ಗ್ಯಾರೇಜಿಗೆ ಬಂದವಳೇ ಮೊದಲು ಚೀಲ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಇದನ್ನ ಇಲ್ಲೇ ಬಿಟ್ಟು ಹೋಗಿದ್ನಾ? ನೀನು ಮುಟ್ಲಿಲ್ಲ ತಾನೇ? ನಿನ್ನ ಮಣಿಕಟ್ಟು...”

“ನಾನ್ಯಾಕೆ ಮುಟ್ಲಿ? ಅದು ನಿನ್ನ ಕೆಲಸ ಅಲ್ವಾ, ಸೋಮಾರಿ.”

ಅವಳ ಭುಜ ಸಡಿಲವಾಯಿತು. ನಾನು ಡಬ್ಬಿಗಳನ್ನು ಕೊಟ್ಟೆ. ಒಂದನ್ನು ತೆರೆದು, ಒಂದು ಗುಂಡೆತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಳತೆಯ ಕಣ್ಣು ಅವಳಿಗೆ ನನ್ನಿಂದಲೇ ಬಂದದ್ದು.

“ಏನು ಚೆನ್ನಾಗಿ ಬಂದಿದೆ ಅಪ್ಪಾ. ನೀನು ಇಷ್ಟು ವರ್ಷ ಮಾಡಿದ್ರಲ್ಲೇ ಚೆನ್ನಾಗಿರೋದು ಇದು,” ಅಂದಳು.

“ಮುಂದಿನ ವರ್ಷ ಆರುನೂರ ಹತ್ತು ಹೊಡೀಬೇಕು.”

“ಹೊಡಿಯೋಣ.”

ಎರಡು ವರ್ಷ ಅವಳು ಕೂತು ನನ್ನ ಹೆಸರಿನ ನೀಲಿ ಗೆರೆ ಎಳೆದಿದ್ದಾಳೆ, ಸಾವಿರಾರು ಚಿಪ್ಪಿಗೆ. ದಿನವಿಡೀ ಅಂಚೆ ಹೊತ್ತು ಬಂದು, ಊಟ ಮಾಡಿ, ಆ ನೆಲಮಾಳಿಗೆಗೆ ಇಳಿದು. ನನ್ನ ಬಾಯಿಂದ ಒಂದು ಮಾತು ಬಂದರೆ ಅದೆಲ್ಲ ಮಣ್ಣುಪಾಲು. ಆಮೇಲೆ ಅವಳು ಭಾನುವಾರ ಯಾವುದಕ್ಕೆ ಬರಬೇಕು? ಮುದುಕನಿಗೆ ಮಾತ್ರೆ ನುಂಗಿಸಲು, ಕಾರಿನ ಬೀಗದಕೈ ಕಸಿದುಕೊಳ್ಳಲು. ಅದೂ ಬರುತ್ತದೆ, ಬಂದೇ ಬರುತ್ತದೆ. ಬರುವಷ್ಟು ದಿನ ಬರಲಿ ಅಂತ ಸುಮ್ಮನಿದ್ದೇನೆ.

ನಿನ್ನೆಯೂ ಭಾನುವಾರ. ಆಗಸ್ಟ್ ಮುಗಿಯುತ್ತಾ ಬಂತು, ಊರಿನ ಹುಲ್ಲೆಲ್ಲ ಒಣಗಿ ಹಳದಿಯಾಗಿದೆ. ನಾವಿಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ನಿಂಬೆ ಪಾನಕ ಕುಡಿಯುತ್ತಾ ಕೂತಿದ್ದೆವು. ಗುಂಡಿನ ಡಬ್ಬಿಗಳು ಅವಳ ಕಾಲ ಬಳಿ ಇದ್ದವು. ಇದ್ದಕ್ಕಿದ್ದಂತೆ ಅವಳು ಬೇಲಿಯ ಕಡೆ ನೋಡಿದಳು.

“ಅಪ್ಪಾ, ಅಲ್ಲೊಂದು ಕಡೆ ಮಾತ್ರ ಹುಲ್ಲು ಯಾಕೆ ಅಷ್ಟು ಹಸಿರಾಗಿದೆ? ಅಲ್ಲಿ ಏನು ಹಾಕಿದೆ?”

ಮದ್ದು ಸುರಿದ ಜಾಗದಲ್ಲಿ ಹುಲ್ಲು ಹೇಗೆ ಎದ್ದು ಬರುತ್ತದೆ ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು, ತೋರಿಸಿಕೊಟ್ಟವನೇ ನಾನು. ಅವಳು ನನ್ನ ಕಡೆ ತಿರುಗಿದಳು. ಲೋಟ ಅರ್ಧಕ್ಕೇ ನಿಂತಿತ್ತು. ನಾನು ಸುರಿದ ಡಬ್ಬಿಗಳ ಬಣ್ಣ, ಅವತ್ತಿನ ಬಿಸಿಲು, ನೀರಿನ ಕೊಳವೆಯ ಸೋರಿಕೆ, ಎಲ್ಲ ನನಗೆ ಅಚ್ಚೊತ್ತಿದ ಹಾಗೆ ನೆನಪಿತ್ತು.

“ಏನೋಮ್ಮಾ, ನ್ಯಾಪ್ಕ ಇಲ್ಲ,” ಅಂದೆ.

ಅವಳು ನನ್ನ ಬೆನ್ನು ಸವರಿ, “ಇರ್ಲಿ ಬಿಡಪ್ಪಾ,” ಅಂದಳು. ನನ್ನ ಆ ಮಾತನ್ನು ಅವಳು ಒಂದು ಚೂರೂ ಅನುಮಾನಿಸದೆ ನಂಬಿದಳು.